ಪದ್ಮಿನಿಯ ಕಣ್ಣೀರು

ಕುಂದಾಪುರದಲ್ಲಿ ಹೊಳೆಬದಿಗೆ ಇಳಿಯುವ ಓಣಿಯ ಕೊನೆಯ ಮನೆ ಉಮಾವತಿಯದು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ವರ್ಷಕ್ಕೊಮ್ಮೆ ಬಂದು, ಊರಿನ ಸೆಕೆಯನ್ನು ಬಾಯಿತುಂಬ ಬೈದು, ಮತ್ತೆ ಬಸ್ಸು ಹತ್ತುವ ಮನುಷ್ಯ. ಅವನಿಂದ ಅವಳಿಗೆ ಓಣಿಯಲ್ಲಿ ಮರ್ಯಾದೆ ಬಂದಿರಲಿಲ್ಲ. ಅದು ಬಂದದ್ದು ಎಂಟನೇ ಕ್ಲಾಸಿನವರೆಗೆ ಕಲಿತ ಓದಿನಿಂದ, ದೇವರು ಕೊಟ್ಟ ಗಂಟಲಿನಿಂದ.

ಓಣಿಯ ಹೆಂಗಸರು ಬೀಡಿ ಕಟ್ಟಲು ಅವಳ ಜಗಲಿಯಲ್ಲೇ ಕೂರುತ್ತಿದ್ದರು. ಅವರು ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಸುರುಳಿ ಸುತ್ತುವುದು, ಇವಳು ಲೈಬ್ರರಿಯಿಂದ ತಂದ ಕಾದಂಬರಿಯನ್ನು ಗಟ್ಟಿಯಾಗಿ ಓದುವುದು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಒಯ್ಯುವ ಮುಂಚೆ ಒಬ್ಬೊಬ್ಬಳೂ ತನ್ನ ಮೊರದಿಂದ ಒಂದು ಹಿಡಿ ತೆಗೆದು ಉಮಾವತಿಯ ಮೊರಕ್ಕೆ ಹಾಕಬೇಕು. ಒಂದೂ ಬೀಡಿ ಕಟ್ಟದೆ ಅವಳ ಮೊರ ತುಂಬುತ್ತಿತ್ತು. ಅದರ ಜೊತೆಗೆ ಒಂದಿಷ್ಟು ಜಂಬವೂ ತುಂಬುತ್ತಿತ್ತು ಎಂದರೆ ಸುಳ್ಳಲ್ಲ.

ಅರವತ್ನಾಲ್ಕರ ಮಳೆಗಾಲ ಮುಗಿದ ಮೇಲೆ ಓದಲು ಹಿಡಿದ ಕಾದಂಬರಿ ಪದ್ಮಿನಿ ಎಂಬ ಹದಿನಾರರ ಹುಡುಗಿಯದು. ತಾಯಿ ಸತ್ತಿದ್ದಾಳೆ, ಹುಡುಗಿ ಅಳುವುದಿಲ್ಲ. ಹೆಣ ಎತ್ತುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ಕೂತು ಕೊಡ ತಿಕ್ಕುತ್ತಾಳೆ. ತಾಯಿಯ ಉತ್ತರಕ್ರಿಯೆ ಮುಗಿಸುವ ಬೊಜ್ಜದ ದಿನ ಹೊಟ್ಟೆತುಂಬ ಉಣ್ಣುತ್ತಾಳೆ. ಜಗಲಿಯ ಹೆಂಗಸರಿಗೆ ಮೈಯೆಲ್ಲ ಉರಿದುಹೋಯಿತು.

“ಇದೂ ಒಂದ್ ಹೆಣ್ಣಾ? ಹೆತ್ತಬ್ಬಿ ಸತ್ರೆ ಒಂದ್ ಹನಿ ಕಣ್ಣೀರಿಲ್ಲೆ!” ಎಂದಳು ಕುಸುಮಾವತಿ. ಓಣಿಯ ಅಭಿಪ್ರಾಯ ಯಾವಾಗಲೂ ಮೊದಲು ಹೊರಡುತ್ತಿದ್ದುದು ಅವಳ ಬಾಯಿಂದಲೇ.

“ಬೊಜ್ಜದೂಟದಲ್ ಪಾಯ್ಸ ಎರಡ್ ಸಲ ಹಾಕ್ಸ್ಕಂಡಿತ್ತ್ ಕಾಣಿ!” ಎಂದಳು ಸರೋಜ.

ಈ ಸರೋಜ ಹೊಳೆಯಾಚೆಯ ಕೋಡಿಯವಳು. ದೋಣಿಯಲ್ಲಿ ದಾಟಿ ಬರುತ್ತಿದ್ದಳು. ಜೊತೆಗೆ ಅಕ್ಕನ ಮಗಳು ಸೀತು. ಆ ಮಳೆಗಾಲದಲ್ಲೇ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಸೀತುವಿನ ಅಪ್ಪ ಸತ್ತಿದ್ದ. ಸೀತುವಿಗೂ ಹದಿನಾರೇ ಇರಬೇಕು. ಅಪ್ಪನನ್ನು ದಡಕ್ಕೆ ತಂದು ಮಲಗಿಸಿದಾಗಲೂ ಅವಳು ಅತ್ತಿರಲಿಲ್ಲ, ಆಮೇಲೂ ಅತ್ತಿರಲಿಲ್ಲ. ಇದು ಜಗಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಪದ್ಮಿನಿಯನ್ನು ಬಾಯಿಗೆ ಬಂದ ಹಾಗೆ ಬೈದರು. ಸೀತು ತಲೆ ತಗ್ಗಿಸಿ ಬೀಡಿಗೆ ನೂಲು ಸುತ್ತುತ್ತಿದ್ದಳು.

ಕೊನೆಗೆ ಕುಸುಮಾವತಿ ಕತ್ತರಿ ಕೆಳಗಿಟ್ಟಳು. “ಹ್ವಾಯ್ ಉಮಕ್ಕ, ಇಂಥ ಕತೆ ಕೇಂಬುಕೆ ನಾ ಬೀಡಿ ಕೊಡುದಿಲ್ಲೆ. ನಾಳೆಯಿಂದ ಮನೆಯಂಗೇ ಕಟ್ತೆ.”

ಜಗಲಿ ಖಾಲಿಯಾದರೆ ಉಮಾವತಿ ಯಾರು? ಬೊಂಬಾಯಿಯವನ ಹೆಂಡತಿ, ಅಷ್ಟೇ. ಮರುದಿನದ ಅಧ್ಯಾಯದಲ್ಲಿ ಪದ್ಮಿನಿ ತಾಯಿಯ ಪೆಟ್ಟಿಗೆ ತೆರೆದು ಸೀರೆ ಕೈಗೆತ್ತಿಕೊಳ್ಳುತ್ತಾಳೆ. ಉಮಾವತಿ ಅಲ್ಲಿಯತನಕ ಪುಸ್ತಕದಲ್ಲಿ ಇದ್ದದ್ದನ್ನೇ ಓದಿದಳು. ಆಮೇಲೆ ಕಣ್ಣನ್ನು ಹಾಳೆಯ ಮೇಲೇ ನೆಟ್ಟು, ಇಲ್ಲದ್ದನ್ನು ಓದತೊಡಗಿದಳು. ಪದ್ಮಿನಿ ಸೀರೆಯನ್ನು ಎದೆಗವಚಿಕೊಂಡು ನೆಲಕ್ಕೆ ಬಿದ್ದು ಹೊರಳಿ ಹೊರಳಿ ಅತ್ತಳು. ನೆರೆಹೊರೆಯವರು ಓಡಿಬಂದು, ‘ಅಂತೂ ಮನುಷ್ಯಳಾದೆಯಲ್ಲ ಮಗಳೇ’ ಎಂದು ತಲೆ ಸವರಿದರು. ತಾನೇ ಕಟ್ಟಿದ ಮಾತಿಗೆ ಉಮಾವತಿಯ ಸ್ವರವೂ ಕಟ್ಟಿತು. ಜಗಲಿಯಲ್ಲಿ ಮೂಗೊರೆಸದವರಿಲ್ಲ. ಆ ಸಂಜೆ ಕುಸುಮಾವತಿ ಎರಡು ಹಿಡಿ ಬೀಡಿ ಹಾಕಿಹೋದಳು.

ಮರುದಿನ ಸೀತು ಬರಲಿಲ್ಲ. ಅದರ ಮರುದಿನವೂ ಇಲ್ಲ.

“ಎಂತ ಹೇಳುದ್ ಉಮಕ್ಕ,” ಎಂದು ಸರೋಜ ಸ್ವರ ತಗ್ಗಿಸಿದಳು. “ಹೊಗೆಸೊಪ್ಪಿನ ಪುಡಿ ಕಣ್ಣಿಗ್ ತಿಕ್ಕಂಡಿತ್ತ್. ಕಣ್ಣ್ ಬೀಗಿ ತೆರುಕೇ ಆತಿಲ್ಲೆ. ಎಂತಕೆ ಅಂದ್ ಕೇಂಡ್ರೆ, ನಂಗೂ ಮರ್ಕುಕ್ ಬರ್ಕಲೆ ಅಂತ್.”

ಅಳು ಬರಬೇಕೆಂದು ಹೊಗೆಸೊಪ್ಪು ತಿಕ್ಕಿಕೊಂಡಿದೆ ಹುಡುಗಿ! ಉಮಾವತಿಗೆ ತನ್ನ ನಾಲಿಗೆಯನ್ನು ಕಿತ್ತು ಹೊಳೆಗೆ ಎಸೆಯಬೇಕೆನಿಸಿತು. ಆ ಮಧ್ಯಾಹ್ನವೇ ದೋಣಿ ಹತ್ತಿ ಕೋಡಿಗೆ ಹೋದಳು.

ಸೀತು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. “ಅಪ್ಪಯ್ಯ ಹೋದ್ ಮೇಲೆ ನನ್ನಾಂಗೆ ಇಪ್ಪುದ್ ಆ ಪದ್ಮಿನಿ ಒಂದೇ ಅಂದೇಳಿ ಇದ್ದೆ ಉಮಕ್ಕ,” ಎಂದಳು. “ಈಗ ಅದೂ ಮರ್ಕಿತಲ್ದಾ.”

“ಇಲ್ಲೆ ಹೆಣೆ! ಪುಸ್ತಕದಂಗೆ ಅದ್ ಮರ್ಕುದೇ ಇಲ್ಲೆ. ನಾನೇ ಸೇರ್ಸಿ ಓದ್ದೆ.”

ಸೀತು ಊದಿದ ಕಣ್ಣುಗಳನ್ನು ಕಷ್ಟಪಟ್ಟು ತೆರೆದು ನೋಡಿದಳು. “ನನ್ನ ಸಮಾಧಾನಕ್ಕೆ ಹೇಳ್ತ್ರಿ. ಅವತ್ತ್ ನಿಮ್ಮ ಸ್ವರ ಕಟ್ಟಿತ್ತಲೆ. ಸುಳ್ಳ್ ಹೇಳುವವ್ರ ಸ್ವರ ಹಾಂಗ್ ಕಟ್ಟತ್ತಾ?”

ದೋಣಿಯಲ್ಲಿ ಹಿಂದಿರುಗುವಾಗ ಉಮಾವತಿ ಯಾರ ಮುಖವನ್ನೂ ನೋಡಲಾಗದೆ ನೀರು ನೋಡುತ್ತಾ ಕೂತಳು. ಓಣಿಯವರಿಗೆ ಹೇಳದೆ ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂದೂ ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಕಣ್ಣಿನ ಊತ ಇಳಿದ ಮೇಲೆ, ಉಮಾವತಿ ಗೋಗರೆದದ್ದಕ್ಕೆ, ಸರೋಜ ಸೀತುವನ್ನು ಜಗಲಿಗೆ ಕರೆತಂದಳು. ಉಮಾವತಿ ಎಲ್ಲರೆದುರು ನಿಂತು, ಪದ್ಮಿನಿಯ ಅಳು ತನ್ನ ಕಟ್ಟುಕತೆ ಎಂದು ಒಪ್ಪಿಕೊಂಡಳು. ಹೇಳಿ ಮುಗಿಸುವಷ್ಟರಲ್ಲಿ ಕಿವಿಯ ತನಕ ಬಿಸಿಯೇರಿತ್ತು.

“ಹಾಂಗಾರೆ ನಾವ್ ಮರ್ಕಿದ್ ಎಂತಕೆ?” ಎಂದು ಕುಸುಮಾವತಿ ಕಿಡಿಕಾರಿದಳು. ನಗುವ ಧೈರ್ಯ ಯಾರಿಗೂ ಬರಲಿಲ್ಲ.

ಉಮಾವತಿ ಪುಸ್ತಕ ಬಿಡಿಸಿ ಆ ಪುಟ ಓದಲು ಹೊರಟಳು.

“ನೀವ್ ಬ್ಯಾಡ ಉಮಕ್ಕ,” ಎಂದಳು ಸೀತು. ಮಾತಿನಲ್ಲಿ ಸಿಟ್ಟಿರಲಿಲ್ಲ. “ಬೇರೆಯವ್ರ್ ಓದ್ಲಿ.”

ಅಲ್ಲಿ ಅಕ್ಷರ ಬಲ್ಲ ಇನ್ನೊಬ್ಬಳೆಂದರೆ ಕುಸುಮಾವತಿ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪುಸ್ತಕ ಅವಳ ಕೈಗೆ ಹೋಯಿತು. ಅವಳು ಬೆರಳಿಟ್ಟು, ಕೂಡಿಸಿ ಕೂಡಿಸಿ, ಉಸಿರುಬಿಟ್ಟು ಓದಿದಳು: “ಪದ್‌...ಮಿನಿ ಸೀ...ರೆಯನ್ನು ಮ...ಡಿಸಿ ಪೆಟ್ಟಿ...ಗೆಯಲ್ಲಿ ಇಟ್ಟ...ಳು. ಕಣ್ಣು ಒಣ...ಗಿಯೇ ಇತ್ತು. ದನಕ್ಕೆ ಹು...ಲ್ಲು ಹಾಕಲು ಹೋದಳು.”

“ಇನ್ನೊಂದ್ ಸಲ ಓದಿ ಕುಸುಮಕ್ಕ,” ಎಂದಳು ಸೀತು. ಅವಳು ಮೊರವನ್ನು ಪಕ್ಕಕ್ಕಿಟ್ಟು ಕುಸುಮಾವತಿಯ ಮೊಣಕಾಲಿಗೆ ತಾಗಿ ಕೂತಿದ್ದಳು.

ಕುಸುಮಾವತಿ ಮತ್ತೆ ಓದಿದಳು. ಈ ಸಲ ಪದ್ಮಿನಿಯನ್ನು ಒಬ್ಬರೂ ಬೈಯಲಿಲ್ಲ. ಮುಂದಿನ ಸಾಲಿನ ಒಂದು ಒತ್ತಕ್ಷರ ಕುಸುಮಾವತಿಗೆ ತಪ್ಪಿತು. ತಿದ್ದೋಣವೆಂದು ಉಮಾವತಿ ಬಾಯಿ ತೆರೆದಳು.

ಸೀತು ಗಾಬರಿಯಿಂದ ಅವಳತ್ತ ತಿರುಗಿ, ಹಾಳೆಯ ಮೇಲೆ ಅಂಗೈ ಮುಚ್ಚಿಟ್ಟಳು.