ಹಲಗೆಯ ಮೂಲೆಯ ಪುಟ ಸಂಖ್ಯೆ

ನಮ್ಮೂರ ವಾಚನಾಲಯದ ಹೊರಗೋಡೆಗೆ ಒಂದು ಕರಿ ಹಲಗೆ ಇದೆ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅದರ ಮೇಲೆ ಸುದ್ದಿ ಬರೆಯುವವನು ನಾನು. ಪಂಚಾಯಿತಿಯವರು ನನಗೆ ಸಂಬಳ ಕೊಡುವುದು ಪುಸ್ತಕ ನೋಡಿಕೊಳ್ಳುವುದಕ್ಕೆ. ಹಲಗೆ ನಾನಾಗಿಯೇ ಹಚ್ಚಿಕೊಂಡ ಚಟ. ಬಸ್ಸಿಗೆ ಕಾಯುವವರು, ಡೇರಿಗೆ ಹಾಲು ಹಾಕಲು ಬಂದವರು, ಪಂಚಾಯಿತಿಯ ಬಾಗಿಲು ತೆರೆಯಲಿ ಎಂದು ಕುಳಿತವರು ಎಲ್ಲರೂ ಅದನ್ನು ಓದುತ್ತಾರೆ. ಓದಲು ಬಾರದವರು ಓದುವವರ ಬಾಯಿ ನೋಡುತ್ತಾರೆ.

ಹಲಗೆಗೆ ನಾನೊಂದು ಕಾಯಿದೆ ಮಾಡಿದ್ದೆ. ಪೇಪರಿನಲ್ಲಿ ಅಚ್ಚಾದದ್ದನ್ನು ಬಿಟ್ಟು ಬೇರೆ ಏನನ್ನೂ ಬರೆಯುವಂತಿಲ್ಲ. ಪ್ರತಿ ಸುದ್ದಿಯ ಬಲಗಡೆ ಮೂಲೆಯಲ್ಲಿ ಅದು ಬಂದ ಪುಟದ ಸಂಖ್ಯೆ ಇರಲೇಬೇಕು. ಊರಲ್ಲಿ ಎಲ್ಲರ ಕೈಗೂ ಮೊಬೈಲು ಬಂದು, ಎಲ್ಲಿಯದೋ ವಿಡಿಯೋ, ಯಾರದೋ ಮಾತು ಹರಿದಾಡತೊಡಗಿದಾಗ ಮಾಡಿದ ಕಾಯಿದೆ ಅದು. ಯಾರಾದರೂ "ಸರ, ಇದನ್ನ ನೋಡ್ರಿ, ಹಲಗಿ ಮ್ಯಾಲ ಬರೀರಿ" ಎಂದು ಮೊಬೈಲು ಹಿಡಿದುಕೊಂಡು ಬಂದರೆ ನಾನು ಕೇಳುತ್ತಿದ್ದುದು ಒಂದೇ ಮಾತು: "ಯಾವ ಪುಟದಾಗ ಬಂದೈತಿ?" ಬರುಬರುತ್ತ ಊರೇ ಅದನ್ನು ಕಲಿತುಬಿಟ್ಟಿತು. ನಲ್ಲಿಯ ಹತ್ತಿರ ಕೊಡ ಹಿಡಿದು ಜಗಳಕ್ಕೆ ನಿಂತ ಹೆಂಗಸರು ಕೂಡ "ಯಾವ ಪುಟದಾಗ ಐತೆವಾ ನೀ ಹೇಳೂದು?" ಎಂದು ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರು. ಅದನ್ನು ಕೇಳಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹಲಗೆಯ ಮುಂದೆ ಊರು ಮಾತಾಡುವುದನ್ನು ಕಿಟಕಿಯ ಈಚೆ ಕುಳಿತು ಕೇಳುವುದು ನನಗೆ ಸಿನಿಮಾ ನೋಡಿದಷ್ಟು ಖುಷಿ. ಹಳೆಯ ದಂಡಸಂಹಿತೆ ಹೋಗಿ ಹೊಸದು ಬಂತು, ಕಲಮುಗಳ ನಂಬರು ಬದಲಾದವು ಎಂದು ಬರೆದ ದಿನ, ನಿವೃತ್ತ ಬಸ್ ಕಂಡಕ್ಟರರೊಬ್ಬರು ಬಹಳ ಹೊತ್ತು ಹಲಗೆ ನೋಡುತ್ತ ನಿಂತರು. "ಹಂಗಾರ ಇನ್ನ ಮ್ಯಾಲ ಮೋಸಗಾರನ್ನ ಚಾರ್ ಸೌ ಬೀಸ್ ಅನ್ನಂಗಿಲ್ಲೇನ್ರಿ? ಹೊಸಾ ನಂಬರ್ ಬಾಯಿಗೆ ಹತ್ತೂದ್ರಾಗ ನಾ ಸತ್ತಿರತೇನಿ" ಎಂದರು. ದುಡ್ಡು ಹಚ್ಚಿ ಆಡುವ ಮೊಬೈಲ್ ಆಟಗಳನ್ನು ಸರ್ಕಾರ ಬಂದ್ ಮಾಡಿತು ಎಂದು ಬರೆದಾಗ ಹಿರಿಯರೆಲ್ಲ ಭೇಷ್ ಎಂದರು. ಕಟ್ಟೆಯ ಮೇಲಿದ್ದ ನಾಲ್ವರು ತರುಣರು ಮಾತ್ರ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬಂತೆ, ಒಬ್ಬೊಬ್ಬರಾಗಿ ಎದ್ದುಹೋದರು. ಮನುಷ್ಯರ ಹಾಗೆಯೇ ಅರ್ಜಿ ಬರೆಯುವ ಯಂತ್ರ ಬಂದಿದೆ ಎಂದಾಗ ಒಬ್ಬ ಅಜ್ಜ, "ಬರದ್ರ ಬರೀಲಿ, ಸವದತ್ತಿ ಕಚೇರ್ಯಾಗ ಅದನ್ನ ಓದೋರು ಯಾರದಾರ?" ಎಂದ. ಇಂಥ ಮಾತಿಗೋಸ್ಕರವೇ ನಾನು ದಿನಾ ಸುಣ್ಣದ ಕಡ್ಡಿ ಹಿಡಿಯುತ್ತಿದ್ದೆ.

ನಮ್ಮೂರಲ್ಲಿ ಹೈಸ್ಕೂಲಿಲ್ಲ. ಏಳನೆಯ ಇಯತ್ತೆ ಮುಗಿಸಿದ ಹುಡುಗಿಯರು ಮುನವಳ್ಳಿಗೆ ಹೋಗಬೇಕು. ಬಸ್ಸು ಬರುವ ಹೊತ್ತಿಗೆ ಅಲ್ಲಿ ಮೊದಲನೆಯ ಪಿರಿಯಡ್ಡು ಅರ್ಧ ಮುಗಿದಿರುತ್ತದೆ. ಹಾಗಾಗಿ ಏಳೆಂಟು ಹುಡುಗಿಯರು ಊರಿನ ಒಂದು ಟಂಟಂ ಗಾಡಿಯಲ್ಲಿ, ಮೂರು ಗಾಲಿಯ ದೊಡ್ಡ ಆಟೋದಲ್ಲಿ, ಹೋಗಿಬಂದು ಮಾಡುತ್ತಿದ್ದರು. ಒಂಬತ್ತನೆಯ ಇಯತ್ತೆಯಲ್ಲಿದ್ದ ನನ್ನ ಮಗಳೂ ಅದರಲ್ಲೇ. ಗಾಡಿಯವನನ್ನು ಹುಡುಗಿಯರೆಲ್ಲ ಮಾಮಾ ಎನ್ನುತ್ತಿದ್ದರು. ಸಣಕಲು ಮೈ, ಮೆತ್ತಗಿನ ಮಾತು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಟೋಪಿಯನ್ನು ಕಿಸೆಯಲ್ಲಿಟ್ಟುಕೊಂಡು ಅಲ್ಲಿಂದಲೇ ಸಾಲೆಗೆ ಗಾಡಿ ಬಿಡುತ್ತಿದ್ದ. ಪರೀಕ್ಷೆಯ ದಿನ ಹಾಲ್ ಟಿಕೆಟು, ಎರಡು ಪೆನ್ನು ತೋರಿಸದ ಹೊರತು ಒಬ್ಬಳನ್ನೂ ಗಾಡಿ ಹತ್ತಿಸುತ್ತಿರಲಿಲ್ಲ. ನನಗೆ ನೆನಪಾಗದ್ದು ಅವನಿಗೆ ನೆನಪಿರುತ್ತಿತ್ತು.

ಒಂದು ಮಧ್ಯಾಹ್ನ ಬೇರೆ ರಾಜ್ಯದ ಪೊಲೀಸರು ಜೀಪಿನಲ್ಲಿ ಬಂದು ಅವನನ್ನು ಕರೆದುಕೊಂಡು ಹೋದರು. ಯಾಕೆಂದು ಊರಿಗೆ ತಿಳಿಯಲಿಲ್ಲ. ಮೂರನೆಯ ದಿನ ಪೇಪರಿನ ಐದನೆಯ ಪುಟದ ಕೆಳಗೆ ಮೂರು ಸಾಲು ಬಂತು. ನಮ್ಮೂರ ಹೆಸರು ಪೇಪರಿನಲ್ಲಿ ಬಂದರೆ ಅದನ್ನು ಹಳದಿ ಸುಣ್ಣದಲ್ಲಿ ಬರೆಯುವುದು ನನ್ನ ರೂಢಿ. ಅವತ್ತೂ ಹಳದಿ ಕಡ್ಡಿ ತೆಗೆದುಕೊಂಡೆ. "ಸೈಬರ್ ವಂಚನೆ: ನಮ್ಮೂರ ಟಂಟಂ ಚಾಲಕನ ಬಂಧನ" ಎಂದು ಬರೆದು, ಮೂಲೆಯಲ್ಲಿ "ಪುಟ ೫" ಎಂದು ಹಾಕಿ, ಅಕ್ಷರ ಸೊಟ್ಟ ಬಿದ್ದಿಲ್ಲವಲ್ಲ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಆಗ ನೋಡಿದ್ದು ಅಕ್ಷರವನ್ನು ಮಾತ್ರ.

ಅವತ್ತು ಹಲಗೆಯ ಮುಂದೆ ನೆರೆದಷ್ಟು ಜನ ಚುನಾವಣೆಯ ಫಲಿತಾಂಶಕ್ಕೂ ನೆರೆದಿರಲಿಲ್ಲ. "ದಿನಾ ನಮ್ಮ ಹುಡಿಗ್ಯಾರನ್ನ ಇವನ ಕೈಯಾಗ ಕೊಟ್ಟ ಕಳಸ್ತಿದ್ವಲ್ರಿ" ಎಂದರು ಒಬ್ಬರು. ಕಂಡಕ್ಟರರು, "ಬೆಂಕಿ ಇಲ್ದ ಹೊಗಿ ಆಡಂಗಿಲ್ಲ" ಎಂದರು. "ಅವರ ಮಂದೀನ ಹಂಗ" ಎಂದು ಹಿಂದಿನಿಂದ ಒಂದು ದನಿ ಬಂತು. ಯಾರ ದನಿ ಎಂದು ನನಗೆ ಗೊತ್ತಾಯಿತು. ಕೇಳಿಸದವನಂತೆ ಪೇಪರು ಮಡಚಿ ಒಳಗಿಟ್ಟೆ. ಕಿತ್ತೂರಿಗೆ ಕೊಟ್ಟ ನನ್ನ ತಂಗಿ ಫೋನು ಮಾಡಿ, "ಅಣ್ಣಾ, ನಿಮ್ಮೂರ ಹೆಸರ ಪೇಪರಿನ್ಯಾಗ ಬಂದೈತಲ್ಲೋ" ಎಂದಳು.

ಎಂಟು ದಿನದ ಮೇಲೆ ಅವನು ತಿರುಗಿ ಬಂದ. ನಡೆದದ್ದನ್ನು ಅವನೇ ಹೇಳಿದ. ಹಿಂದಿನ ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೊಡೆದುಕೊಂಡು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಿದ್ದಾಗ, ರಸ್ತೆಯ ಬದಿ ಕೊಡೆ ಹಾಕಿಕೊಂಡು ಕುಳಿತಿದ್ದ ಒಬ್ಬ, ಪುಕ್ಕಟೆ ಸಿಮ್ ಕೊಡುತ್ತೇನೆಂದು ಇವನ ಹೆಬ್ಬೆಟ್ಟು ತೆಗೆದುಕೊಂಡಿದ್ದ. "ಬರೋಬ್ಬರಿ ಬಿದ್ದಿಲ್ಲ, ಇನ್ನೊಮ್ಮಿ ಒತ್ತು" ಎಂದಿದ್ದ. ಇವನು ಒತ್ತಿದ. ಮೊದಲನೆಯ ಹೆಬ್ಬೆಟ್ಟಿನ ಸಿಮ್ ಇವನ ಕೈಗೆ ಬಂತು, ಎರಡನೆಯದರ ಸಿಮ್ ಇನ್ಯಾರ ಕೈಗೋ ಹೋಯಿತು. ಆ ಸಿಮ್ಮಿನಿಂದ ಯಾರೋ ತಾವು ಪೊಲೀಸ್ ಎಂದು ಎಲ್ಲಿಯೋ ಇದ್ದ ಒಬ್ಬ ಮುದುಕನಿಗೆ ವಿಡಿಯೋ ಕಾಲ್ ಮಾಡಿ ಹೆದರಿಸಿ ದುಡ್ಡು ಕಿತ್ತಿದ್ದರು. ಪೊಲೀಸರು ವಿಚಾರಿಸಿ, ಇವನದು ತಪ್ಪಿಲ್ಲವೆಂದು ತಿಳಿದು, ಹೇಳಿಕೆ ಬರೆಸಿಕೊಂಡು ಕಳಿಸಿದ್ದರು. ನಾನು ನಂಬಿದೆ. ಆ ಹೆಬ್ಬೆಟ್ಟನ್ನು ಅವನು ನನ್ನ ಮುಂದೆ ಚಾಚಿ ನೋಡಿದ ರೀತಿಯನ್ನು ಕಂಡ ಯಾರೇ ಆಗಲಿ ನಂಬುತ್ತಿದ್ದರು.

ಮರುದಿನವೇ ಗಾಡಿ ಹೊರಬಿತ್ತು. ಹುಡುಗಿಯರು ಬರಲಿಲ್ಲ. ಯಾರೂ ಅವನೊಡನೆ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಅವನಿಗೂ ಉತ್ತರ ಕೊಡಲು ಒಂದು ದಾರಿ ಇರುತ್ತಿತ್ತು. ಒಬ್ಬ ತಾಯಿ "ಆಕೀಗೆ ಆರಾಮಿಲ್ಲ" ಎಂದಳು. ಇನ್ನೊಬ್ಬಳು "ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಪುಕ್ಕಟ ಐತಲ್ಲಪಾ" ಎಂದಳು. ಅವನು ಪ್ರತಿ ಮನೆಯ ಮುಂದೆ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ನೋಡಿ, ಮುಂದಿನ ಮನೆಗೆ ಹೋಗುತ್ತಿದ್ದ. ಕೊನೆಗೆ ಖಾಲಿ ಗಾಡಿಯಲ್ಲೇ ಮುನವಳ್ಳಿಗೆ ಹೋಗಿ ಬರುತ್ತಿದ್ದ.

ಹದಿನೈದು ದಿನವಾದ ಮೇಲೆ ಅವನ ಹೆಂಡತಿ ವಾಚನಾಲಯಕ್ಕೆ ಬಂದರು. ಊರಿಗೆಲ್ಲ ಅವರು ಭಾಬಿ. ಹೊಸ್ತಿಲ ಆಚೆಯೇ ನಿಂತು, "ಸರ, ಹಿಡಕೊಂಡ ಹೋಗಿದ್ದು ಬರದ್ರಿ. ಬಿಟ್ಟಿದ್ದೂ ಬರೀರಲ್ಲ" ಎಂದರು.

"ಪೇಪರಿನ್ಯಾಗ ಬಂದ್ರ ಬರೀತೇನಿ ಭಾಬಿ. ನನ್ನ ಕೈಯಾಗೇನೈತಿ ಹೇಳ್ರಿ."

ನನ್ನ ಕಾಯಿದೆ ಎಷ್ಟು ಕರಾರುವಾಕ್ಕು ಎಂದು ತೋರಿಸಲು ಹಳೆಯ ಪೇಪರಿನ ಕಟ್ಟು ಬಿಚ್ಚಿ ಆ ಐದನೆಯ ಪುಟ ತೆಗೆದೆ. ಆಗ ಮೊದಲ ಸಲ ಆ ಮೂರು ಸಾಲನ್ನು ಸಾವಕಾಶವಾಗಿ ಓದಿದೆ. "ವಿಚಾರಣೆಗಾಗಿ ಕರೆದೊಯ್ದಿದ್ದಾರೆ" ಎಂದಿತ್ತು. ಬಂಧನ ಎಂಬ ಮಾತೇ ಅಲ್ಲಿರಲಿಲ್ಲ. ಹಲಗೆಯಲ್ಲಿ ಒಂದು ಸುದ್ದಿಗೆ ಒಂದೇ ಸಾಲು ಜಾಗ ಎಂದು ನಾನೇ ಮೊಟಕು ಮಾಡಿ ಬರೆದಿದ್ದೆ.

"ಏನಂತ ಬರದಾರ್ರಿ?" ಎಂದರು ಭಾಬಿ. ಅವರಿಗೆ ಓದಲು ಬರುವುದಿಲ್ಲ.

"ಹಲಗಿ ಮ್ಯಾಲ ಬರದಿದ್ನಲ್ಲ, ಅದ" ಎಂದೆ. ಪೇಪರು ಮಡಚಿ ಕಟ್ಟಿನೊಳಗೆ ತುರುಕಿದೆ. ಹನ್ನೊಂದು ವರ್ಷ ಹಲಗೆಯ ಮೇಲೆ ಒಂದು ಸುಳ್ಳು ಬರೆಯದವನೆಂದು ಮೆರೆದ ನಾನು ಓದಲು ಬಾರದ ಹೆಂಗಸಿನ ಮುಂದೆ ಹೀಗೆ ಹೇಳಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ನಾಚಿಕೆ ಈಗಲೂ ಹೋಗಿಲ್ಲ.

ಆ ಸಂಜೆಯೇ ಸವದತ್ತಿಯ ವರದಿಗಾರರಿಗೆ ಫೋನು ಮಾಡಿದೆ. ಅವರು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು. "ಹಿಡದದ್ದು ಸುದ್ದಿ ಆಕ್ಕೈತ್ರಿ ಸರ, ಬಿಟ್ಟದ್ದು ಆಗಂಗಿಲ್ಲ. ಬರದು ಕಳಿಸಿದ್ರೂ ಮ್ಯಾಲಿನವ್ರು ಹಾಕಂಗಿಲ್ಲ" ಎಂದರು.

ಮತ್ತೊಂದು ವಾರ ಒದ್ದಾಡಿ, ಒಂದು ಬೆಳಿಗ್ಗೆ ನನ್ನ ಕಾಯಿದೆಯನ್ನು ನಾನೇ ಮುರಿದೆ. ಹಳದಿ ಸುಣ್ಣದಲ್ಲಿ, "ನಮ್ಮೂರ ಟಂಟಂ ಚಾಲಕನದು ತಪ್ಪಿಲ್ಲವೆಂದು ಪೊಲೀಸರು ಬಿಟ್ಟು ಕಳಿಸಿದ್ದಾರೆ" ಎಂದು ಬರೆದೆ. ಮೂಲೆಗೆ ಬಂದಾಗ ಕೈ ನಿಂತಿತು. ಸುಮ್ಮನೆ "ಪುಟ ೪" ಎಂದು ಹಾಕಿದ್ದರೆ ಮುಗಿಯುತ್ತಿತ್ತು. ಪೇಪರು ತೆರೆದು ನೋಡುವವರು ಊರಲ್ಲಿ ಇಬ್ಬರೋ ಮೂವರೋ. ಆದರೆ ಸುಳ್ಳು ನಂಬರು ಹಾಕಲು ಮನಸ್ಸು ಬರಲಿಲ್ಲ. ಮೂಲೆ ಖಾಲಿ ಬಿಟ್ಟು, ನಾನು ಎಂಥ ಪ್ರಾಮಾಣಿಕ ಎಂದುಕೊಂಡು ಒಳಗೆ ಬಂದು ಕುಳಿತೆ.

ಕಂಡಕ್ಟರರು ಓದಿದರು. ಕಿಟಕಿಯಲ್ಲಿ ಮುಖವಿಟ್ಟು, "ಸರ, ಯಾವ ಪುಟದಾಗ ಬಂದೈತಿ?" ಎಂದರು. ಹೊರಗಿದ್ದವರೆಲ್ಲ ನಕ್ಕರು. ನಾನು ಎದ್ದು ಹೋಗಿ, ಹೆಬ್ಬೆಟ್ಟಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕೇಳಿ ಅವರು, "ನೀವು ಹೇಳೂದು ಖರೇನ ಇರಬೇಕ್ರಿ. ಆದ್ರ ಅಚ್ಚಾಗದ್ದನ್ನ ನಂಬಬ್ಯಾಡ್ರಿ ಅಂತ ಕಲಿಸಿದವ್ರೂ ನೀವ ಅಲ್ರಿ" ಎಂದರು.

ಮಧ್ಯಾಹ್ನ ಭಾಬಿ ಬಂದರು. ಹಲಗೆಯಲ್ಲಿ ಬರೆದಿದೆ ಎಂದು ಯಾರೋ ಹೇಳಿದ್ದರಂತೆ. ಅವರು ಏನಾದರೂ ಅನ್ನುವ ಮೊದಲೇ ನಾನು ಶುರು ಮಾಡಿದೆ. "ಬರದೇನ್ರಿ ಭಾಬಿ. ಮೂಲ್ಯಾಗ ನಂಬರ್ ಇಲ್ಲಂತ ಯಾರೂ ನಂಬವಲ್ರು. ಏನ್ ಮಾಡಲಿ?"

ಅವರು ಹಲಗೆಯನ್ನೇ ನೋಡುತ್ತ ದನಿ ಏರಿಸದೆ ಹೇಳಿದರು: "ನಂಗ ಓದಾಕ ಬರಂಗಿಲ್ರಿ ಸರ. ಖರೆ, ದಿನಾ ಮುಂಜಾನೆ ನಿಮ್ಮ ಹುಡಿಗಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿರತಾಳಲ್ಲ, ಅದನ್ನ ನಾನೂ ನೋಡತೇನಿ, ಊರಾಗಿನ ತಾಯಂದ್ರೂ ನೋಡತಾರ. ಹಲಗಿ ಒರಸಿಬಿಡ್ರಿ. ಹುಡಿಗೀನ ಗಾಡ್ಯಾಗ ಕುಂಡ್ರಸ್ರಿ."

ಇದನ್ನು ನಾನು ಇಷ್ಟು ಹೊತ್ತು ಹೇಳದೆ ಮುಂದೂಡಿದ್ದೆ. ಹೌದು, ನನ್ನ ಮಗಳನ್ನೂ ಬಿಡಿಸಿದ್ದೆ. "ಎಲ್ಲಾರೂ ಬಿಡಿಸ್ಯಾರ, ನಾವಷ್ಟ ಕಳಸೂದೇನ್ರಿ?" ಎಂದು ಹೆಂಡತಿ ಕೇಳಿದ್ದಳು. "ನಾಕ ದಿನ ಹೋಗ್ಲಿ ತಡಿ" ಎಂದವನು ನಾನೇ. ಅವನನ್ನು ನಂಬಿದೆ ಎಂದು ಮೇಲೆ ಬರೆದಿದ್ದೇನಲ್ಲ, ಆ ನಂಬಿಕೆ ಇದ್ದದ್ದು ಇಷ್ಟೇ. ಊರು ಹಲಗೆಯನ್ನು ಓದುತ್ತದೆ ಎಂದು ನಾನು ತಿಳಿದಿದ್ದೆ. ಊರು ನನ್ನ ಮನೆಯ ಬಾಗಿಲನ್ನು ಓದುತ್ತಿತ್ತು.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಗಳಿಗೆ, "ನಾಳಿಂದ ಮಾಮಾನ ಗಾಡ್ಯಾಗ ಹೋಗು" ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಪೇಪರಿನ್ಯಾಗ ಬಂತೇನಪ್ಪಾ?" ಎಂದಳು.

"ಇಲ್ಲ."

"ಮತ್ತ ಇಷ್ಟ ದಿನಾ ಯಾಕ ಬ್ಯಾಡಂದಿ?"

ಅವಳ ಅವ್ವ ಪಲ್ಯ ಬಡಿಸುವ ನೆವದಲ್ಲಿ ಮಾತು ತಪ್ಪಿಸಿದಳು.

ಬೆಳಿಗ್ಗೆ ಮಗಳನ್ನು ಕರೆದುಕೊಂಡು ಊರ ಅಗಸಿ ಬಾಗಿಲ ಹತ್ತಿರ ಹೋಗಿ ನಿಂತೆ, ನಾಲ್ಕು ಜನ ನೋಡಲಿ ಎಂದು. ಬಸ್ ಸ್ಟ್ಯಾಂಡಿನಲ್ಲಿದ್ದ ತಾಯಂದಿರು ನಮ್ಮ ಕಡೆ ತಿರುಗಿ ನೋಡಿದರು. ಗಾಡಿ ಬಂತು. ಕೈ ಮಾಡಿದೆ. ಹತ್ತಿರ ಬಂದಾಗ ಕಂಡಿತು, ಹಿಂದೆ ಸೀಟುಗಳೇ ಇರಲಿಲ್ಲ. ಛಾವಣಿಯವರೆಗೆ ಉಳ್ಳಾಗಡ್ಡಿಯ ಚೀಲ ಒಟ್ಟಿತ್ತು.

ಅವನು ಇಂಜಿನ್ ಬಂದ್ ಮಾಡಿ, "ಏನ್ರಿ ಸರ, ರಾಮದುರ್ಗಕ್ಕ ಏನರ ಕಳಸೂದೈತೇನ್ರಿ?" ಎಂದ.

"ಮಗಳನ್ನ ಕಳಸಾಕ ಬಂದೇನಿ. ಸಾಲಿಗೆ."

ಅವನು ಅವಳ ಕಡೆ ನೋಡಿ ನಕ್ಕ. "ಗಣಿತದ ಪರೀಕ್ಷಾ ಹೆಂಗಾತವಾ?" ಎಂದು ಕೇಳಿ, ಆಮೇಲೆ ನನ್ನ ಕಡೆ ತಿರುಗಿದ. "ಸೀಟ್ ನಿನ್ನೆ ಬೈಲಹೊಂಗಲದಾಗ ಬಿಚ್ಚಿಸಿ ಮಾರಿಬಿಟ್ನಿರಿ. ಮನಿಯಾಕೀಗೂ ಹೇಳಿರಲಿಲ್ಲ. ಖಾಲಿ ಸೀಟ್ ನೋಡಕೋತ ಎಷ್ಟ ದಿನ ಗಾಡಿ ಹೊಡೀಲ್ರಿ?"

"ಚೀಲದ ಮ್ಯಾಲ ಕುಂಡ್ರತೇನಿ ಮಾಮಾ" ಎಂದಳು ಮಗಳು. ಒಂದು ಕಾಲು ಆಗಲೇ ಗಾಡಿಯ ಮೇಲಿಟ್ಟಿದ್ದಳು.

"ಬ್ಯಾಡವಾ, ಇಳಿ. ಸಾಮಾನಿನ ಗಾಡ್ಯಾಗ ಹುಡಿಗೀನ ಕುಂಡ್ರಿಸಿದ್ರ ಕೇಸ್ ಮಾಡತಾರ." ಅವಳು ಇಳಿಯುವವರೆಗೆ ಕಾದು ಕೀಲಿ ತಿರುವಿದ. "ಅದನ್ನ ಪೇಪರಿನವ್ರು ಬರೀತಾರ್ರಿ ಸರ" ಎಂದ.