ಅಳಿಸುವ ಮೊದಲು ಗಡಿಯಾರ ನೋಡುವಾಕೆ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡಿಸ್ಕ್ ಅಕ್ಕ ಸ್ವೆಟರಿನ ತೋಳು ಎಳೆದುಕೊಂಡು ಪರದೆಯ ಮುಂದೆ ಕೂತಿದ್ದಾರೆ. ಆ ಅಡ್ಡಹೆಸರು ಅಲ್ಲಿನವರೇ ಇಟ್ಟದ್ದು. ಸ್ಕ್ಯಾನ್ ಚಿತ್ರಗಳನ್ನು ಇಡುವ ಲಿನಕ್ಸ್ ಕಂಪ್ಯೂಟರಿನ ಡಿಸ್ಕು ನೂರಕ್ಕೆ ತೊಂಬತ್ತೆಂಟು ಭಾಗ ತುಂಬಿದೆ. ಆರಕ್ಕೆ ಹಗಲಿನ ಮೊದಲ ರೋಗಿ. ಅಷ್ಟರಲ್ಲಿ ಜಾಗವಾಗದಿದ್ದರೆ ಸ್ಕ್ಯಾನು ನಡೆಯುವುದಿಲ್ಲ.

ತುಂಬಿರುವುದು ತಾತ್ಕಾಲಿಕ ಫೈಲುಗಳು. ಕೆಲಸದ ನಡುವೆ ಯಂತ್ರ ಬರೆದು ಅಲ್ಲೇ ಬಿಟ್ಟವು. ದಿನಕ್ಕೆ ಒಂಬತ್ತು ಯಂತ್ರಗಳಿಂದ ಅಂಥವನ್ನು ತೆಗೆಯುವುದು ಹದಿನಾರು ವರ್ಷದಿಂದ ಅಕ್ಕನ ಕೆಲಸ. ಎಲ್ಲ ಸರಿಯಾಗಿ ನಡೆದ ದಿನ ಅವರ ನೆನಪು ಯಾರಿಗೂ ಬರುವುದಿಲ್ಲ.

ಬಂದದ್ದು ಒಂದೇ ಸಲ. ಏಳು ವರ್ಷದ ಹಿಂದೆ ಕರೆಂಟು ಹೋಗಿ ಬಂದಾಗ, ಒಳಗಿನ ಸೆಲ್ ಸತ್ತಿದ್ದ ಯಂತ್ರದ ಗಡಿಯಾರ ಹಿಂದಕ್ಕೆ ಹೋಯಿತು. ಆ ಹೊತ್ತಿನಲ್ಲಿ ತೆಗೆದ, ಡಾಕ್ಟರು ನೋಡುವ ತನಕ ತಾತ್ಕಾಲಿಕ ಫೈಲುಗಳ ಜೊತೆಗೇ ಇರುವ ಚಿತ್ರಕ್ಕೆ ಹಳೆಯ ವರ್ಷದ ತಾರೀಕು ಬಿತ್ತು. ಗಡಿಯಾರ ಆಮೇಲೆ ಸರಿಹೋಯಿತು, ತಾರೀಕು ಸರಿಹೋಗಲಿಲ್ಲ. ಹತ್ತು ದಿನಕ್ಕಿಂತ ಹಳೆಯದೆಲ್ಲ ಅಳಿಯಲಿ ಎಂದು ಅಕ್ಕ ಆಜ್ಞೆ ಕೊಟ್ಟರು. ಮಿದುಳಿನಲ್ಲಿ ರಕ್ತನಾಳ ಒಡೆದಿದ್ದ ಒಬ್ಬರ ಚಿತ್ರವೂ ಹೋಯಿತು. ಮತ್ತೆ ತೆಗೆಯಲು ಒಂದು ಗಂಟೆ ಬೇಕಿತ್ತು. ಆ ಮನುಷ್ಯ ಅಷ್ಟು ಕಾಯಲಿಲ್ಲ.

"ಹೇಗೂ ಉಳೀತಿರ್ಲಿಲ್ಲಮ್ಮ ಅಂದ್ರು ಡಾಕ್ಟರು. ಅದು ದೇವರಿಗೇ ಗೊತ್ತು. ಅವರ ಹೆಂಡ್ತಿ ಗಂಡನ ಚಪ್ಪಲಿ ಮಡಿಲಲ್ಲಿಟ್ಕೊಂಡು ಬೆಂಚಲ್ಲಿ ಕೂತಿದ್ರು. ನನ್ನ ಕೈಯಿಂದಾಯ್ತು ಅಂತ ಹೋಗಿ ಹೇಳ್ದೆ. ಅವರು ಚಪ್ಪಲಿ ಧೂಳು ಸೆರಗಲ್ಲಿ ಒರೆಸ್ತಾ ಕೂತ್ರು."

ಇದನ್ನು ಹೇಳುವಾಗಲೂ ಅಕ್ಕನ ಕಣ್ಣು ಪರದೆಯ ಮೇಲೆಯೇ.

ಇಂದೂ ಒಂದು ದೊಡ್ಡ ಫೈಲು ಒಂಬತ್ತು ವರ್ಷ ಹಳೆಯದೆಂದು ತೋರುತ್ತಿದೆ. ಯಾವ ಪ್ರೋಗ್ರಾಮೂ ಅದನ್ನು ತೆರೆದುಕೊಂಡಿಲ್ಲ. ಅಳಿಸಿದರೆ ಬೇಕಾದಷ್ಟು ಜಾಗ. ಅಕ್ಕ ಕೀಲಿಮಣೆಯಿಂದ ಕೈ ತೆಗೆದು ಸ್ಕ್ಯಾನ್ ಕೋಣೆಯ ರಾತ್ರಿ ಪಾಳಿಯ ಹುಡುಗನಿಗೆ ಫೋನ್ ಮಾಡುತ್ತಾರೆ.

"ಕರೆಂಟು ಹೋಗಿತ್ತೇನಪ್ಪ?"

"ಹೂಂ ಅಕ್ಕ, ನಾಲ್ಕು ಗಂಟೇಲಿ. ಯಾಕೆ, ಕಸ ಗುಡಿಸೋಕೂ ನನ್ನ ಅಪ್ಪಣೆ ಬೇಕಾ?"

"ಕಸಾನಾ ಅಂತಾನೇ ಕೇಳ್ತಿರೋದು ಮಾರಾಯ. ಕರೆಂಟು ಬಂದ ಕೂಡ್ಲೆ ಯಾರದ್ದಾದ್ರೂ ಸ್ಕ್ಯಾನ್ ತೆಗೆದ್ಯಾ?"

ಆಚೆಯ ನಗು ನಿಲ್ಲುತ್ತದೆ. "ಒಬ್ಬರು ಅಜ್ಜೀದು. ಡಾಕ್ಟರು ಇನ್ನೂ ನೋಡಿಲ್ಲ ಅಕ್ಕ."

ಅಕ್ಕ ಆ ಫೈಲನ್ನು ಬೇರೆ ಯಂತ್ರಕ್ಕೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಮೂಲವನ್ನು ಅಳಿಸುತ್ತಾರೆ. ಐದು ಐವತ್ತು. ಮೇಲೆ ಗಾಲಿಮಂಚದ ಸದ್ದು.

ಏನಾದರೂ ಆಸೆಯಿದೆಯೇ ಎಂದರೆ ಹೆಬ್ಬೆರಳಿನ ಉಗುರು ತೋರಿಸುತ್ತಾರೆ.

"ಗಡಿಯಾರದ ಸೆಲ್ಲು ಇಷ್ಟೇ ಇರತ್ತೆ. ಏಳು ವರ್ಷದಿಂದ ಅರ್ಜಿ ಬರೀತಿದ್ದೀನಿ. ಅದೊಂದು ಬರ್ಲಿ. ಆಮೇಲೆ ಒಂದು ದಿನ ರಜೆ ಹಾಕ್ತೀನಿ."