ಕಪ್ಪು ಬೆರಳಿನ ಡಾಕ್ಟರಮ್ಮ

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಕಪ್ಪಾಗಿರುತ್ತಿತ್ತು. ಬೆಳ್ಳಿಯ ದ್ರಾವಣದ ಕಲೆ ಅದು, ಎಷ್ಟು ಉಜ್ಜಿದರೂ ಹೋಗದು. ಶಿವಮೊಗ್ಗದ ಗಾಂಧಿ ಬಜಾರಿನ ಬಳೆಯಂಗಡಿಯವನು ಒಮ್ಮೆ, "ಏನ್ರಮ್ಮ, ತಲೆಗೆ ಬಣ್ಣ ಹಚ್ಚೋ ಕೆಲ್ಸಾನಾ?" ಎಂದು ಕೇಳಿದ. "ಹೂಂ ಕಣಪ್ಪ, ಮೂಳೆಗೆ ಹಚ್ತೀನಿ" ಎಂದರು. ಅವನು ಬಳೆ ತೊಡಿಸುವುದನ್ನೇ ನಿಲ್ಲಿಸಿಬಿಟ್ಟ.

ಅದೇ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಅವರು ರಕ್ತದ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರು. ಭದ್ರಾವತಿಯ ಕಾರ್ಖಾನೆ ಕಾರ್ಮಿಕರೊಬ್ಬರ ಮಗಳು, ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿದ್ದರು. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಲವರಿಗೆ ಕ್ಯಾನ್ಸರು ಹಿಡಿದು ಆ ಮಜ್ಜೆಯೆಲ್ಲ ಹಳೆಯ ಗಾಯದ ಹಾಗೆ ನಾರುಗಟ್ಟುತ್ತದೆ. ಅದು ಯಾಕೆ, ತಡೆಯುವುದು ಹೇಗೆ ಎಂದು ಹುಡುಕುವುದರಲ್ಲೇ ಅವರ ಆಯುಷ್ಯ ಕಳೆಯಿತು. "ಗಾಯ ಮಾಯೋಕೆ ಕಲೆ ಬೇಕು ಮಾರಾಯ. ಆದ್ರೆ ಎಲ್ಲಿ ನಿಲ್ಬೇಕು ಅಂತ ಅದಕ್ಕೆ ಗೊತ್ತಿರ್ಬೇಕು" ಎನ್ನುತ್ತಿದ್ದರು.

ಒಮ್ಮೆ ಭದ್ರಾವತಿ ಹಳೇನಗರದಿಂದ ಒಬ್ಬ ಹೆಂಗಸು ಹೊಟ್ಟೆಯ ಎಡಭಾಗ ಊದಿಕೊಂಡು ಬಂದಳು. ಮೂಳೆಗೆ ಸೂಜಿ ಹಾಕಿ ಎಳೆದರೆ ಒಂದು ಹನಿಯೂ ಬರಲಿಲ್ಲ. ನಾನು ರಿಜಿಸ್ಟರಿನಲ್ಲಿ 'ಸ್ಯಾಂಪಲ್ ಸಾಲದು' ಎಂದು ಗೀಚಿ ಅವಳನ್ನು ಮನೆಗೆ ಕಳಿಸಿದೆ. ನಮ್ಮ ಲ್ಯಾಬಿನವರ ಚಾಳಿಯೇ ಅದು, ನಮಗೆ ಸಿಗದಿದ್ದರೆ ತಪ್ಪು ರೋಗಿಯದು. ಮಾರನೇ ದಿನ ಮೇಡಂ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು.

"ಏನ್ ಬಂತು?"

"ಏನೂ ಬರ್ಲಿಲ್ಲ ಮೇಡಂ."

"ಹಂಗೇ ಬರಿ ಮತ್ತೆ. ನಾರುಗಟ್ಟಿದ ಮಜ್ಜೆ ಸೂಜಿಗೆ ಬರಲ್ಲ. ಏನೂ ಬರ್ಲಿಲ್ಲ ಅನ್ನೋದೇ ರೋಗ ಹೇಳ್ತಿದೆ. ಆಗಿದ್ದನ್ನ ಬರಿ, ನಿನಗೆ ಅನುಕೂಲ ಆಗಿದ್ದನ್ನಲ್ಲ."

ಅಂದೇ ಅವಳ ಮನೆ ಹುಡುಕಿ ಹೋದರು. ಕರೆತಂದು, ಮೂಳೆಯ ಚೂರನ್ನೇ ತೆಗೆದು, ನಾರನ್ನು ಕಪ್ಪಾಗಿಸಿ ತೋರಿಸುವ ಬೆಳ್ಳಿ ದ್ರಾವಣ ಹಚ್ಚಿದರು. ಸ್ಲೈಡಿನ ತುಂಬ ಕಪ್ಪು ನಾರು ಹೆಣೆದುಕೊಂಡಿತ್ತು. ಚಿಕಿತ್ಸೆ ಶುರುವಾಯಿತು, ಹೆಂಗಸು ಚೇತರಿಸಿಕೊಂಡಳು.

ಅಂಥ ಚೂರುಗಳನ್ನೆಲ್ಲ ರೋಗಿಗಳ ಒಪ್ಪಿಗೆ ಪಡೆದು, ಕೆಡದಂತೆ ಮೇಣದಲ್ಲಿ ಕೂರಿಸಿ, ಒಂದು ಕಬ್ಬಿಣದ ಬೀರುವಿನಲ್ಲಿ ಜೋಡಿಸಿದ್ದರು. ಚಿಕಿತ್ಸೆಗೆ ಮೊದಲಿನದು, ನಂತರದ್ದು, ಎರಡನ್ನೂ ಹೋಲಿಸಿ ಮಜ್ಜೆಯ ನಾರು ಬೆಳೆಯಿತೋ ಕರಗಿತೋ ನೋಡುವುದು ಅವರ ಕೆಲಸ. ನಿವೃತ್ತಿಯಾದ ಮೇಲೂ ಅದಕ್ಕಾಗಿ ಬರುತ್ತಿದ್ದರು. ಆಮೇಲೆ ಕಾಯಿಲೆ ಬಿದ್ದು ಮನೆಯಲ್ಲೇ ಉಳಿದರು.

ಆಗ ಲ್ಯಾಬಿನ ಹೊಸ ಮುಖ್ಯಸ್ಥ, "ಇನ್‌ಸ್ಪೆಕ್ಷನ್ ಬರ್ತಿದೆ ಕಣ್ರೀ, ಈ ಮೇಣದ ಕಸ ತೆಗೀರಿ. ಇಲ್ಲೊಂದು ಸೋಫಾ ಹಾಕ್ಬೇಕು" ಎಂದ. ಸೋಫಾ ಅಂತೆ. ಅವನ ಮುಖಕ್ಕೆ ಉಗಿಯಬೇಕಿತ್ತು; "ಆಯ್ತು ಸಾರ್" ಎಂದೆ. ಗೋಪಾಳದಲ್ಲಿರುವ ನನ್ನ ಮನೆಯ ಅಟ್ಟದ ಮೇಲಾದರೂ ಇಡಬಹುದಿತ್ತು. ಮೇಡಂಗೆ ಒಂದು ಫೋನ್ ಮಾಡಬಹುದಿತ್ತು. ಎರಡೂ ಮಾಡದೆ, ನಾನೇ ಚೀಲಗಳಿಗೆ ತುಂಬಿ ಆಸ್ಪತ್ರೆಯ ಕಸದ ಗಾಡಿಗೆ ಹಾಕಿದೆ. ಅವನ ಮೇಲಿರುವಷ್ಟೇ ಅಸಹ್ಯ ನನ್ನ ಮೇಲೂ ಇದೆ. ಹೇಳಲು ಧೈರ್ಯ ಬರುವ ಮೊದಲೇ ಮೇಡಂ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಅದೇ ಕೋಣೆಯಲ್ಲಿ ನಡೆಯಿತು. ಬೀರು ಇದ್ದ ಗೋಡೆಗೆ ಅವರ ಫೋಟೋ ಹಾಕಿದ್ದರು. ಸ್ಟುಡಿಯೋದವರು ಬೆರಳಿನ ಕಪ್ಪನ್ನೆಲ್ಲ ಅಳಿಸಿ ಬೆಳ್ಳಗೆ ಮಾಡಿದ್ದರು. ಮುಖ್ಯಸ್ಥ ಸೋಫಾದಿಂದೆದ್ದು, "ಮೇಡಂ ಸಂಶೋಧನೆ ನಮ್ಮ ಆಸ್ತಿ, ಜೋಪಾನವಾಗಿ ಇಟ್ಟಿದೀವಿ" ಎಂದು ಮಾತಾಡಿದ. ಸುತ್ತಲಿನವರು ತಲೆದೂಗಿದರು.

ಭದ್ರಾವತಿಯ ಆ ಹೆಂಗಸೂ ಹೂ ಹಿಡಿದು ಬಂದಿದ್ದಳು. ಫೋಟೋ ನೋಡಿ, "ಡಾಕ್ಟ್ರಮ್ಮನ ಕೈ ಹಿಂಗಿರ್ಲಿಲ್ಲ" ಎಂದಳು. ಆಮೇಲೆ ನನ್ನ ಗುರುತು ಹಿಡಿದು, "ಅಣ್ಣಾ, ನನ್ ಮೂಳೆ ಚೂರು ಇದೆ ತಾನೆ? ಮುಂದೆ ಬರೋರಿಗೆ ಉಪಯೋಗ ಆಗತ್ತೆ ಅಂದಿದ್ರು. ಅದಕ್ಕೇ ಎರಡನೇ ಸಲ ಚೂರು ತೆಗ್ದಾಗ್ಲೂ ನೋವು ತಡ್ಕೊಂಡೆ" ಎಂದಳು.

ಮುಖ್ಯಸ್ಥ ನನ್ನನ್ನೇ ನೋಡುತ್ತಿದ್ದ. 'ಇದೆ' ಎಂಬ ಮಾತು ಬಾಯಿಗೆ ಬಂದಿತ್ತು. ಮೇಡಂ ಅಂದು ಮುಂದಿಟ್ಟ ಆ ರಿಜಿಸ್ಟರ್ ನೆನಪಾಯಿತು.

"ಇಲ್ಲಮ್ಮ. ಈ ಸಾರ್ ಹೇಳಿದ್ರು, ನಾನು ಎಸ್ದೆ" ಎಂದೆ.

ಅವಳು ತಂದ ಹೂವನ್ನು ಆ ಫೋಟೋಗೆ ಏರಿಸದೆ, ಹಾಗೆಯೇ ಹಿಡಿದುಕೊಂಡು ಭದ್ರಾವತಿ ಬಸ್ಸಿಗೆ ಹೊರಟುಹೋದಳು.